ಜೋಗಕ್ಕೆ ಹೊರಟವರಿಗೆ: ಒಂದು ಪೂರ್ತಿ ದಿನ ಇಟ್ಟುಕೊಂಡು ಬನ್ನಿ

ಈ ಮಳೆಗಾಲದಲ್ಲೋ ದಸರಾ ರಜೆಯಲ್ಲೋ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಜೋಗ ನೋಡಲು ಹೊರಟಿರುವ ಎಲ್ಲ ಕುಟುಂಬಗಳಿಗೆ,



ಕಳೆದ ಶ್ರಾವಣದ ಒಂದು ಬೆಳಿಗ್ಗೆ ಹಾವೇರಿ ಕಡೆಯ ಕುಟುಂಬವೊಂದು ಜೋಗದ ವ್ಯೂ ಪಾಯಿಂಟಿಗೆ ಬಂದು ನಿಂತಿತ್ತು. ಗಂಡ, ಹೆಂಡತಿ, ಏಳನೇ ಕ್ಲಾಸಿನ ಮಗಳು, ಐದು ವರ್ಷದ ಮಗ, ಜೊತೆಗೆ ಎಪ್ಪತ್ತು ದಾಟಿದ ಅಜ್ಜಿ. ಎದುರಿಗೆ ಏನೂ ಇರಲಿಲ್ಲ. ಕಣಿವೆಯ ತುಂಬ ಮಂಜು. ಕಂಬಿಯ ಆಚೆಗಿನ ಗಿಡವೂ ಕಾಣದಷ್ಟು ದಟ್ಟ ಮಂಜು. ಕಿವಿಗೆ ಮಾತ್ರ ನೀರಿನ ಸದ್ದು ಬಡಿಯುತ್ತಿತ್ತು. ತಂದೆಯ ಫೋನಿನಲ್ಲಿ ಆ ದಿನದ ಲೆಕ್ಕಾಚಾರ ಸಿದ್ಧವಾಗಿತ್ತು: ಹತ್ತಕ್ಕೆ ಜೋಗ, ಒಂದೂವರೆಗೆ ಮುರ್ಡೇಶ್ವರ, ಸಂಜೆಗೆ ಗೋಕರ್ಣ. ಇಪ್ಪತ್ತು ನಿಮಿಷ ಕಾದು ‘ಇವತ್ತ ನಸೀಬಿಲ್ಲ, ನಡೀರಿ’ ಎಂದು ಅವರು ಕಾರಿನ ಕೀಲಿ ಕೈಗೆತ್ತಿಕೊಂಡರು. ಅಜ್ಜಿ ಕಲ್ಲುಬೆಂಚಿನಿಂದ ಏಳಲೇ ಇಲ್ಲ. ‘ನೀವು ಹೋಗಿ ಚಾ ಕುಡದ ಬರ್ರಿ. ನಾ ಇಲ್ಲೇ ಕುಂತಿರ್ತೀನಿ. ಸಪ್ಪಳ ಕೇಳಾಕತ್ತೈತಲ್ಲ, ನೀರು ಎಲ್ಲಿಗಿ ಹೊಕ್ಕೈತಿ?’

ಮುಕ್ಕಾಲು ಗಂಟೆಯಾಯಿತು. ಚಹಾ ಮುಗಿದು, ಸುಟ್ಟ ಜೋಳವೂ ಮುಗಿಯಿತು. ಆಮೇಲೆ ಕೆಳಗಿನಿಂದ ಗಾಳಿ ಎದ್ದಿತು. ಮಂಜು ಪರದೆ ಸರಿದ ಹಾಗೆ ಸರಿಯಲಿಲ್ಲ. ಹತ್ತಿ ಹಿಂಜಿದ ಹಾಗೆ ಅಲ್ಲೊಂದು ಇಲ್ಲೊಂದು ಕಡೆ ತೆಳುವಾಗುತ್ತ ಬಂತು. ಮೊದಲು ಕಂಡದ್ದು ಕಪ್ಪು ಬಂಡೆಯ ಒಂದು ತುಂಡು. ಆಮೇಲೆ ಅದರ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಎಳೆದ ಬಿಳಿ ಗೀಟು. ಆ ಗೀಟು ಚಲಿಸುತ್ತಿದೆ ಎಂದು ಹುಡುಗಿಗೆ ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ನೋಡುನೋಡುತ್ತಿದ್ದಂತೆ ಇಡೀ ಬಂಡೆಗೋಡೆ ತೆರೆದುಕೊಂಡಿತು. ಬೆಂಚುಗಳಲ್ಲಿದ್ದವರೆಲ್ಲ ಎದ್ದು ನಿಂತರು. ಮಾತಾಡಿದವರು ಯಾರೂ ಇಲ್ಲ. ಐದಾರು ನಿಮಿಷವಷ್ಟೇ, ಮತ್ತೆ ಮಂಜು ಕವಿಯಿತು. ಆ ಕುಟುಂಬ ಅಂದು ಮುರ್ಡೇಶ್ವರಕ್ಕೆ ಹೋಗಲಿಲ್ಲ. ಸಂಜೆಯವರೆಗೆ ಜೋಗ ನಾಲ್ಕು ಸಲ ತೆರೆದು ಮುಚ್ಚಿದ್ದನ್ನು ಅವರು ನೋಡಿದರು.

ಈ ಪತ್ರದ ಮೊದಲ ಕೋರಿಕೆ ಇದು. ಜೋಗಕ್ಕೆ ಒಂದು ಪೂರ್ತಿ ದಿನ ಮೀಸಲಿಡಿ. ಎರಡು ಊರುಗಳ ನಡುವೆ ಅರ್ಧ ಗಂಟೆ ಕಾರು ನಿಲ್ಲಿಸಿ, ನಾಲ್ಕು ಫೋಟೊ ಹೊಡೆದು ಹೊರಡುವ ಜಾಗ ಇದಲ್ಲ. ಜೋಗದಲ್ಲಿ ಆಗುವ ನಿರಾಸೆ, ಜಗಳ, ಕಸ, ಅಪಘಾತಗಳಲ್ಲಿ ಬಹುಪಾಲಿನ ಹಿಂದೆ ಇರುವುದು ಅವಸರ.

ಮೊದಲು, ನೋಡಲು ಬಂದದ್ದು ಏನನ್ನು ಎಂಬುದನ್ನು ಮಕ್ಕಳಿಗೆ ದಾರಿಯಲ್ಲೇ ಹೇಳಿ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಘಟ್ಟದ ಮೇಲಿನ ಆ ನೀರು ಕರಾವಳಿಯ ಮಟ್ಟಕ್ಕೆ ಇಳಿಯಲೇಬೇಕು. ಬೇರೆ ಎಷ್ಟೋ ನದಿಗಳು ಸುತ್ತಿಬಳಸಿ ಇಳಿಯುತ್ತವೆ. ಶರಾವತಿ ಒಂದೇ ಹೆಜ್ಜೆಯಲ್ಲಿ 253 ಮೀಟರ್ ಇಳಿಯುತ್ತದೆ, ಎಂದರೆ 830 ಅಡಿ. ಎಂಬತ್ತು ಅಂತಸ್ತಿನ ಕಟ್ಟಡದ ಎತ್ತರ ಎಂದು ಹೇಳಿದರೆ ಐದು ವರ್ಷದ ಮಗುವಿಗೂ ತಿಳಿಯುತ್ತದೆ.

ನಾಲ್ಕು ಧಾರೆಗಳನ್ನು ಗುರುತು ಹಿಡಿಯುವುದು ಮಕ್ಕಳಿಗೆ ಒಳ್ಳೆಯ ಕೆಲಸ. ರಾಜಾ ಎಲ್ಲೂ ಬಂಡೆ ತಾಗದೆ ನೇರವಾಗಿ, ಒಂದೇ ಕಂಬವಾಗಿ ಬೀಳುತ್ತದೆ. ಅದರ ಪಕ್ಕದ ರೋರರ್ ಓರೆಯಾಗಿ ನುಗ್ಗಿ, ಬಂಡೆಯ ಕೊರಕಲಿನಲ್ಲಿ ಬೊಬ್ಬೆ ಹೊಡೆಯುತ್ತ ರಾಜನ ಕಡೆಗೆ ಹೊರಳುತ್ತದೆ. ಹೆಸರು ಬಂದದ್ದೇ ಆ ಆರ್ಭಟದಿಂದ. ರಾಕೆಟ್ ಚಾಚಿದ ಬಂಡೆಗಳಿಗೆ ಬಡಿದು ಬಾಣಬಿರುಸಿನಂತೆ ಹೊರಕ್ಕೆ ಚಿಮ್ಮುತ್ತದೆ. ರಾಣಿ ಬಂಡೆಗೆ ಒತ್ತಿಕೊಂಡು ನೊರೆನೊರೆಯಾಗಿ ಜಾರುತ್ತಾಳೆ. ಬ್ರಿಟಿಷರ ಕಾಲದ ಬರಹಗಳಲ್ಲಿ ಇವಳಿಗೆ ‘ಡಾಮ್ ಬ್ಲಾಂಶ್’ ಎಂಬ ಫ್ರೆಂಚ್ ಹೆಸರಿತ್ತು, ಬಿಳಿಯ ಹೆಣ್ಣು ಎಂದು ಅರ್ಥ. ಐದು ನಿಮಿಷದಲ್ಲಿ ನಾಲ್ಕೂ ಒಂದೇ ಥರ ಕಾಣುತ್ತವೆ. ಒಂದು ಗಂಟೆ ಕುಳಿತರೆ ನಾಲ್ಕೂ ನಾಲ್ಕು ಸ್ವಭಾವದ ನೀರು ಎಂದು ಯಾರೂ ಹೇಳಿಕೊಡದೆಯೇ ಗೊತ್ತಾಗುತ್ತದೆ.

ಹೆಸರಿನ ಬಗ್ಗೆಯೂ ಒಂದು ಮಾತು. ಪರದೇಶದವರ ಪುಸ್ತಕಗಳಲ್ಲಿ ಇದು ಗೇರುಸೊಪ್ಪೆ ಜಲಪಾತ. ಈ ಸೀಮೆಯವರ ಬಾಯಲ್ಲಿ ಜೋಗದ ಗುಂಡಿ. ಸಿದ್ದಾಪುರದ ಕಡೆ ‘ಜೋಗ’ ಎನ್ನುವುದು ಇದೊಂದಕ್ಕೇ ಮೀಸಲಾದ ಹೆಸರೂ ಅಲ್ಲ. ಅಲ್ಲಿ ಬುರುಡೆ ಜೋಗವಿದೆ. ಅಘನಾಶಿನಿಯ ಉಂಚಳ್ಳಿ ಜಲಪಾತಕ್ಕೆ ಕೆಪ್ಪ ಜೋಗ ಎನ್ನುತ್ತಾರೆ: ಅದರ ಮುಂದೆ ನಿಂತರೆ ಕಿವಿ ಕೆಪ್ಪಾಗುತ್ತದೆ ಎಂದು. ಜಲಪಾತ ಎಂಬ ಪುಸ್ತಕದ ಮಾತಿಗಿಂತ ಎಷ್ಟು ಜೀವಂತ ಮಾತು ಇದು! ಮಕ್ಕಳ ಕಿವಿಗೆ ಇದನ್ನೂ ಹಾಕಿ.

ಇನ್ನು ನೀರಿನ ಲೆಕ್ಕ. ‘ಇಷ್ಟು ದೂರ ಬಂದೆವು, ನೀರೇ ಇಲ್ಲ’ ಎಂದು ಪ್ರತಿ ವರ್ಷ ಕುಟುಂಬಗಳು ಬೇಸರಪಟ್ಟುಕೊಳ್ಳುತ್ತವೆ. ಟಿಕೆಟ್ ಕೊಡುವ ಹುಡುಗನ ಮೇಲೆ ರೇಗುವವರೂ ಇದ್ದಾರೆ. ಆ ಹುಡುಗನ ಕೈಯಲ್ಲಿ ನಲ್ಲಿ ಇಲ್ಲ. ಜಲಪಾತಕ್ಕಿಂತ ಸುಮಾರು ಆರು ಕಿ.ಮೀ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಉದ್ದ ಸುಮಾರು 2.4 ಕಿ.ಮೀ., ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ, ಪೂರ್ಣ ಮಟ್ಟ 1,819 ಅಡಿ. ಅಲ್ಲಿ ಸಂಗ್ರಹವಾದ ನೀರಿನ ದೊಡ್ಡ ಪಾಲು ಕಾಲುವೆಯ ಮೂಲಕ ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಗಳಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಆ ನೀರು ಜೋಗದ ನೆತ್ತಿಯನ್ನು ಮುಟ್ಟುವುದೇ ಇಲ್ಲ. ಬದಿಯ ದಾರಿಯಿಂದ ಕೆಳಗಿಳಿದು ವಿದ್ಯುತ್ತಾಗುತ್ತದೆ. ಹತ್ತು ಯಂತ್ರಗಳ ಆ ಒಂದೇ ಕೇಂದ್ರದ ಸಾಮರ್ಥ್ಯ 1,035 ಮೆಗಾವಾಟ್.

ಹಾಗಾಗಿ ಜೋಗಕ್ಕೆ ಎರಡು ಗಡಿಯಾರಗಳಿವೆ. ಒಂದು ಮಳೆಯದು, ಇನ್ನೊಂದು ಅಣೆಕಟ್ಟಿನದು. ಜೂನ್–ಜುಲೈ ಮಳೆಯಲ್ಲಿ ಅಣೆಕಟ್ಟಿನ ಕೆಳಗಿನ ಹಳ್ಳಗಳ ನೀರು ಸೇರಿ ಧಾರೆಗಳಿಗೆ ಜೀವ ಬರುತ್ತದೆ. ಜಲಾಶಯ ತುಂಬುತ್ತ ಬಂದು ಹನ್ನೊಂದು ಗೇಟುಗಳನ್ನು ತೆರೆದರೆ ಮಾತ್ರ ನಾಲ್ಕು ಧಾರೆಗಳ ಗುರುತೇ ಸಿಗದಂತೆ ಇಡೀ ಬಂಡೆ ನೀರಾಗುತ್ತದೆ. ಅದು ಪ್ರತಿ ವರ್ಷ ನಡೆಯುವುದಿಲ್ಲ. ಮಳೆ ಕೈಕೊಟ್ಟ ವರ್ಷ ಗೇಟಿನ ಮಾತೇ ಇಲ್ಲ. ಕನ್ನಡ ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಜಲಾಶಯಗಳ ಮಟ್ಟ ಮುದ್ರಿಸುತ್ತವೆ. ಹೊರಡುವ ವಾರ ಲಿಂಗನಮಕ್ಕಿಯ ಸಾಲನ್ನು ಮಗಳಿಂದ ಓದಿಸಿ. 1,819ಕ್ಕೆ ಎಷ್ಟು ಅಡಿ ಬಾಕಿ ಎಂದು ಅವಳೇ ಕಳೆದು ಹೇಳಲಿ. ನೋಡಲಿರುವುದು ಏನು ಎಂಬ ಅಂದಾಜು ಮನೆಯಲ್ಲೇ ಸಿಗುತ್ತದೆ.

ದಸರಾ ರಜೆಗೆ ಬರುವವರಿಗೆ ಬೇಸರ ಬೇಡ. ಆ ಹೊತ್ತಿಗೆ ಮಂಜು ಕಡಿಮೆ, ಆಕಾಶ ತಿಳಿ, ನೀರು ಹಾಲುಬಿಳಿ. ಪ್ರವಾಹದ ಅಬ್ಬರ ಇರುವುದಿಲ್ಲ, ನಿಜ. ಆದರೆ ನಾಲ್ಕು ಧಾರೆಗಳನ್ನು ಬೇರೆಬೇರೆಯಾಗಿ ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆ ರಜೆಗೆ, ಏಪ್ರಿಲ್–ಮೇ ತಿಂಗಳಲ್ಲಿ ಬಂದರೆ ಬಂಡೆಯ ಮೇಲೆ ದಾರದೆಳೆಯಂಥ ನೀರು ಕಂಡೀತು ಅಷ್ಟೇ. ಆ ತಿಂಗಳಲ್ಲಿ ಜೋಗಕ್ಕೆಂದೇ ನಾನ್ನೂರು ಕಿ.ಮೀ. ದೂರದ ಬೆಂಗಳೂರಿನಿಂದ ಮಕ್ಕಳನ್ನು ಕರೆತರಬೇಡಿ.

ಈಗ ಈ ಪತ್ರ ಬರೆಯಲು ಮುಖ್ಯ ಕಾರಣವಾದ ವಿಷಯ. ದಯವಿಟ್ಟು ಇದನ್ನು ಮನೆಯವರೆಲ್ಲ ಕುಳಿತಾಗ ಗಟ್ಟಿಯಾಗಿ ಓದಿ.

2024ರ ಜೂನ್ 30, ಭಾನುವಾರ. ಮಹಾರಾಷ್ಟ್ರದ ಲೋಣಾವಳದಲ್ಲಿ ಭೂಶಿ ಅಣೆಕಟ್ಟಿನ ಹಿಂಭಾಗದ ಒಂದು ಜಲಪಾತಕ್ಕೆ ಪುಣೆಯ ಕುಟುಂಬವೊಂದು ಹೋಗಿತ್ತು. ಬಂಡೆಗಳ ಮೇಲೆ ಹರಿಯುವ ನೀರಿನ ನಡುವೆ ಅವರು ನಿಂತಿದ್ದರು. ಮೇಲೆ ಮಳೆ ಜೋರಾಗಿ ನೀರು ಏರಿತು. ದಡಕ್ಕೆ ಬರುವ ದಾರಿ ಎರಡೂ ಕಡೆ ಮುಚ್ಚಿತು. ಮಕ್ಕಳನ್ನು ನಡುವೆ ಹಿಡಿದುಕೊಂಡು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅವರು ಬಂಡೆಯ ಮೇಲೆ ನಿಂತದ್ದನ್ನು ದಡದಲ್ಲಿದ್ದವರು ಮೊಬೈಲಿನಲ್ಲಿ ತೆಗೆದರು. ದೇಶವೆಲ್ಲ ಅದನ್ನು ನೋಡಿತು. ಆಮೇಲೆ ನೀರು ಅವರನ್ನು ಎಳೆದುಕೊಂಡು ಹೋಯಿತು. ಒಬ್ಬ ಮಹಿಳೆ, ನಾಲ್ವರು ಮಕ್ಕಳು ತೀರಿಕೊಂಡರು. ಆ ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕದಕ್ಕೆ ನಾಲ್ಕು ವರ್ಷ.

ಅದಕ್ಕೂ ಆರು ವಾರ ಮೊದಲು, 2024ರ ಮೇ 17ರಂದು ತಮಿಳುನಾಡಿನ ತೆಂಕಾಸಿ ಬಳಿಯ ಹಳೇ ಕುಟ್ರಾಲಂ ಜಲಪಾತದಲ್ಲಿ ಜನ ಸ್ನಾನ ಮಾಡುತ್ತಿದ್ದಾಗ ಒಮ್ಮೆಗೇ ಪ್ರವಾಹ ಬಂತು. ಎದ್ದುಬಿದ್ದು ಮೆಟ್ಟಿಲು ಹತ್ತಿದವರು ಉಳಿದರು. ಹದಿಹರೆಯದ ಒಬ್ಬ ಹುಡುಗ ಕೊಚ್ಚಿಹೋದ. ನಮ್ಮಲ್ಲೇ, 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ತುದಿಯಲ್ಲಿ ನಿಂತಿದ್ದ ಯುವಕ ಕಾಲು ಜಾರಿ ಬಿದ್ದ. ಗೆಳೆಯ ವಿಡಿಯೊ ಮಾಡುತ್ತಿದ್ದ. ದೇಹ ಸಿಗಲು ದಿನಗಳೇ ಹಿಡಿದವು.

ಇವರು ಯಾರೂ ಹುಚ್ಚುಸಾಹಸಕ್ಕೆ ಹೋದವರಲ್ಲ. ರಜೆಯ ದಿನ ನೀರು ನೋಡಲು ಹೋದವರು, ನಿಮ್ಮ ಹಾಗೆ. ಆದ್ದರಿಂದ ನೀರು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಂಡು ಹೋಗಬೇಕು.

ಘಟ್ಟದ ಹಳ್ಳಕ್ಕೆ ನೀರು ಬರುವುದು ನೀವು ನಿಂತ ಜಾಗದ ಮಳೆಯಿಂದಷ್ಟೇ ಅಲ್ಲ. ನಿಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೇ ಐದು ಕಿ.ಮೀ. ಮೇಲಿನ ಗುಡ್ಡದಲ್ಲಿ ಮಳೆ ಸುರಿಯುತ್ತಿರಬಹುದು. ಆ ನೀರು ಕಡಿದಾದ ಇಳಿಜಾರಿನಲ್ಲಿ ನಿಮಿಷಗಳಲ್ಲಿ ಇಳಿದು ಬರುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಪಾದ ಮುಳುಗುವಷ್ಟು, ಅರ್ಧ ಅಡಿ ಆಳದ ರಭಸದ ನೀರು ದೊಡ್ಡವರ ಕಾಲನ್ನೇ ಕೀಳಬಲ್ಲದು. ಮಗುವಿನ ಗತಿ ಹೇಳುವುದೇ ಬೇಡ. ‘ನನಗೆ ಈಜು ಬರುತ್ತದೆ’ ಎನ್ನುವವರೂ ಕೇಳಿ. ಜಲಪಾತದ ಬುಡದ ನೀರು ಬರೀ ನೀರಲ್ಲ, ಗಾಳಿಯ ಗುಳ್ಳೆಗಳು ತುಂಬಿದ ನೊರೆ. ಅದು ದೇಹವನ್ನು ಬಾವಿಯ ನೀರಿನಷ್ಟು ಎತ್ತಿ ಹಿಡಿಯುವುದಿಲ್ಲ. ಬಿದ್ದ ಧಾರೆ ತಳಕ್ಕೆ ಹೋಗಿ ಹಿಂದಕ್ಕೆ ಮಗುಚುವಾಗ ಸಿಕ್ಕಿದ್ದನ್ನು ಮತ್ತೆ ಧಾರೆಯ ಕೆಳಗೇ ಎಳೆದುಕೊಳ್ಳುತ್ತದೆ. ನುರಿತ ಈಜುಗಾರರೂ ಅಂಥ ಸುಳಿಯಲ್ಲಿ ಸೋತಿದ್ದಾರೆ.

ಮಲೆನಾಡಿನಲ್ಲಿ ಹಳ್ಳ ದಾಟಿ ತೋಟಕ್ಕೆ ಹೋಗುವವರು ಮೂರು ಗುರುತು ನೋಡುತ್ತಾರೆ. ತಿಳಿನೀರು ಕೆಂಪಗಾಯಿತೆ? ಒಣಗಿದ ಎಲೆ, ಕಡ್ಡಿ, ದರಗು ತೇಲಿ ಬರತೊಡಗಿತೆ? ಸದ್ದು ದಪ್ಪಗಾಯಿತೆ? ಮೂರರಲ್ಲಿ ಒಂದು ಕಂಡರೂ ಅವರು ಹಳ್ಳಕ್ಕೆ ಇಳಿಯುವುದಿಲ್ಲ. ಇಳಿದಿದ್ದರೆ ಹತ್ತಿರದ ದಡಕ್ಕೆ ಹತ್ತುತ್ತಾರೆ. ಚಪ್ಪಲಿ ಬಿಟ್ಟುಹೋಯಿತೆಂದು ತಿರುಗುವುದಿಲ್ಲ. ಬಂಡೆಯ ಮೇಲಿನ ಕಪ್ಪು ಮಿನುಗನ್ನೂ ಅವರು ನಂಬುವುದಿಲ್ಲ. ಅದು ಒದ್ದೆ ಕಲ್ಲಲ್ಲ, ಪಾಚಿ. ಅದರ ಮೇಲೆ ಪಟ್ಟಣದ ಶೂಗಳೂ ನಿಲ್ಲುವುದಿಲ್ಲ.

ಜೋಗದಲ್ಲಿ ಕಂಬಿ ಹಾಕಿರುವುದು ಇದಕ್ಕೇ. ಮಗುವನ್ನು ಕಂಬಿಯ ಮೇಲೆ ಕೂರಿಸಿ ಫೋಟೊ ತೆಗೆಯುವ ತಂದೆಯಂದಿರು ಇಂದಿಗೂ ಕಾಣುತ್ತಾರೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಫೋನು, ಬೆನ್ನ ಹಿಂದೆ 830 ಅಡಿಯ ಕಣಿವೆ. ಇದು ತಪ್ಪು, ಮತ್ತು ಇದನ್ನು ತಪ್ಪು ಎಂದು ಪಕ್ಕದಲ್ಲಿ ನಿಂತ ಅಪರಿಚಿತರು ಹೇಳಿದರೆ ಕೋಪ ಮಾಡಿಕೊಳ್ಳಬೇಡಿ. ಜಲಪಾತದ ನೆತ್ತಿಯ ಹಾಸುಬಂಡೆಗಳ ಕಡೆ ಕರೆದೊಯ್ಯುತ್ತೇವೆ ಎಂದು ಯಾರಾದರೂ ಹೇಳಿದರೆ ಹೋಗಬೇಡಿ. ರಾಜಾಧಾರೆಯ ತುದಿಯಲ್ಲಿ ಮಲಗಿ ಬಗ್ಗಿ ನೋಡುವ ಹಳೆಯ ಚಾಳಿ ಎಷ್ಟೋ ಮನೆಗಳ ದೀಪ ಆರಿಸಿದೆ. ಜೋಗದಲ್ಲಿ ಚಿತ್ರೀಕರಣವಾಗಿ 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಚಿತ್ರದ ನಂತರ ಇಲ್ಲಿಗೆ ಬರುವ ಯುವಜನರ ಸಂಖ್ಯೆ ಏರಿತು. ತುದಿಗೆ ಹೋಗಿ ನಿಲ್ಲುವ ಆಸೆಯೂ ಏರಿತು. ಸಿನಿಮಾ ತಂಡದ ಹಿಂದೆ ಹಗ್ಗ, ಆಳು, ತಯಾರಿ ಇರುತ್ತವೆ. ನಿಮ್ಮ ಹಿಂದೆ ನಿಮ್ಮ ಮಕ್ಕಳು ನಿಂತಿರುತ್ತಾರೆ.

ಬುಡಕ್ಕೆ ಇಳಿಯುವ ಮೆಟ್ಟಿಲುಗಳ ಬಗ್ಗೆ ಕೇಳುವವರು ಬಹಳ. ಸುಮಾರು 1,400 ಮೆಟ್ಟಿಲು. ಇಳಿಯುವಾಗ ಯಾರಿಗೂ ಅದು ದೊಡ್ಡದಾಗಿ ಕಾಣುವುದಿಲ್ಲ. ಹತ್ತುವಾಗ ಪ್ರತಿ ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ. ಮಳೆ ಜೋರಿದ್ದಾಗ ಇಳಿಯಲು ಬಿಡುವುದಿಲ್ಲ, ಬಿಡಬಾರದು. ಬಿಟ್ಟ ದಿನಗಳಲ್ಲೂ ಮಂಡಿನೋವು, ಬಿಪಿ, ಉಬ್ಬಸ ಇರುವವರು ಮೇಲೆಯೇ ಕೂರುವುದು ಒಳ್ಳೆಯದು. ಇಳಿಯುವವರು ಹೋಗಿಬರಲು ಅರ್ಧ ದಿನ ಹಿಡಿಯುತ್ತದೆ ಎಂದುಕೊಂಡೇ ಇಳಿಯಿರಿ, ಸಂಜೆ ನಾಲ್ಕರ ಮೇಲೆ ಇಳಿಯಬೇಡಿ. ಕಾಲಿಗೆ ಉಂಬಳ (ಜಿಗಣೆ) ಹತ್ತಿದರೆ ಮಕ್ಕಳು ಕಿರುಚುತ್ತಾರೆ. ಜೇಬಿನಲ್ಲಿ ಒಂದು ಚಿಟಿಕೆ ಉಪ್ಪಿದ್ದರೆ ಸಾಕು.

ಮೇಲೆ ಕುಳಿತವರಿಗೂ ಕೆಲಸವಿದೆ. ಹಾವೇರಿಯ ಆ ಅಜ್ಜಿಯ ಪಕ್ಕದಲ್ಲಿ ಕುಳಿತ ಮೊಮ್ಮಗ ಮಂಜು ಎರಡನೆಯ ಸಲ ಸರಿದಾಗ ಕೂಗಿದ, ‘ಅಜ್ಜಿ, ಹಕ್ಕಿ ನೀರಾಗ ಹೊಕ್ಕಾವು ನೋಡು!’ ಅಪ್ಪ ನಂಬಲಿಲ್ಲ. ಅಜ್ಜಿ ನೋಡಿದರು. ಕುಡುಗೋಲಿನಂತೆ ಬಾಗಿದ ರೆಕ್ಕೆಯ ಸಣ್ಣ ಹಕ್ಕಿಗಳು ಧಾರೆಯ ಹತ್ತಿರಕ್ಕೆ ಬಾಣದಂತೆ ಹೋಗಿ ಬಂಡೆಯ ಕಡೆ ಮಾಯವಾಗುತ್ತಿದ್ದವು. ಅವು ಬಾನಾಡಿ (ಸ್ವಿಫ್ಟ್) ಎಂಬ ಹಕ್ಕಿಗಳು. ಜೋಗದ ಬಂಡೆಗೋಡೆಯ ಸಂದುಗಳು ಬಾನಾಡಿಗಳಿಗೂ ಪಾರಿವಾಳಗಳಿಗೂ ಮನೆ. ನೀರಿನ ಗೋಡೆಯ ಹಿಂದೆ ಬೇಟೆಗಾರ ಹಕ್ಕಿಗಳ ಕಾಟ ಕಡಿಮೆ. ಇಪ್ಪತ್ತು ನಿಮಿಷದ ಭೇಟಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಫೋಟೊದಲ್ಲಿಯೂ ಬರುವುದಿಲ್ಲ.

ಮಂಗಗಳ ವಿಷಯ ಬೇರೆ. ಕುರುಕಲು ತಿಂಡಿಯ ಪೊಟ್ಟಣವನ್ನು ಮಂಗನ ಮುಂದೆ ಹಿಡಿಯುವುದು ಪ್ರೀತಿಯಲ್ಲ. ಅದು ನಾಳೆ ಇನ್ನೊಂದು ಮಗುವಿನ ಕೈಯಿಂದ ಪೊಟ್ಟಣ ಕಿತ್ತುಕೊಳ್ಳುವುದನ್ನು ಕಲಿಯುತ್ತದೆ, ಪ್ಲಾಸ್ಟಿಕನ್ನೂ ನುಂಗುತ್ತದೆ. ಕಣಿವೆಗೆ ಎಸೆದ ಬಾಟಲಿ ಎಲ್ಲಿಗೂ ಹೋಗುವುದಿಲ್ಲ; ಕೆಳಗಿನ ಗೇರುಸೊಪ್ಪೆ ಅಣೆಕಟ್ಟಿನ ಹಿನ್ನೀರಿನಲ್ಲಿ ತೇಲುತ್ತ ನಿಲ್ಲುತ್ತದೆ. ತಂದ ಕಸವನ್ನು ಒಂದು ಚೀಲದಲ್ಲಿ ಕಟ್ಟಿ ಕಾರಿನಲ್ಲಿಟ್ಟುಕೊಳ್ಳಿ. ಮಕ್ಕಳು ಹೇಳಿದ್ದನ್ನು ಕೇಳುವುದಿಲ್ಲ, ನೋಡಿದ್ದನ್ನು ಮಾಡುತ್ತಾರೆ.

ಒಂದು ಪೂರ್ತಿ ದಿನ ಬೇಕು ಎನ್ನಲು ಇನ್ನೊಂದು ಕಾರಣವಿದೆ. ಜೋಗ ಬರೀ ನೀರಲ್ಲ. ಹಿಂದೆ ಇಲ್ಲಿ ನದಿಯೇ ಗಡಿಯಾಗಿತ್ತು. ಒಂದು ದಡ ಮೈಸೂರು ಸಂಸ್ಥಾನದ್ದು, ಇನ್ನೊಂದು ಬೊಂಬಾಯಿ ಪ್ರಾಂತ್ಯದ್ದು. ಆ ಕಾಲದ ಮೈಸೂರು ಬಂಗಲೆ, ಬಾಂಬೆ ಬಂಗಲೆ ಎಂಬ ಹೆಸರುಗಳು ಇಂದಿಗೂ ಎರಡು ದಡಗಳಲ್ಲಿ ಉಳಿದಿವೆ. 1956ರ ನವೆಂಬರ್ 1ರಂದು ಎರಡೂ ದಡದ ಕನ್ನಡಿಗರು ಒಂದೇ ರಾಜ್ಯದವರಾದರು. ಅದಕ್ಕೂ ಮೊದಲೇ, 1948ರಲ್ಲಿ ಇಲ್ಲಿನ ಮೊದಲ ವಿದ್ಯುದಾಗಾರ ಕೆಲಸ ಆರಂಭಿಸಿತ್ತು; ಇಂದು ಅದರ ಹೆಸರು ಮಹಾತ್ಮ ಗಾಂಧಿ ಜಲವಿದ್ಯುದಾಗಾರ. ಅದಕ್ಕಾಗಿ ಮಡೇನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಮುಂದೆ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಜಲಾಶಯ ಬತ್ತಿದ ವರ್ಷಗಳಲ್ಲಿ ಆ ಹಳೆಯ ಅಣೆಕಟ್ಟು ತಲೆ ಎತ್ತುತ್ತದೆ.

ಅಣೆಕಟ್ಟೇ ಮುಳುಗಿದ ಮೇಲೆ ಊರುಗಳ ಮಾತೇನು. ಲಿಂಗನಮಕ್ಕಿಯ ನೀರು ಸುಮಾರು 300 ಚದರ ಕಿ.ಮೀ. ನೆಲವನ್ನು ಆವರಿಸಿತು. ಸಾಗರ, ಹೊಸನಗರ ಸೀಮೆಯ ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನ ಮುಳುಗಿ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೊರಟವು. ಅವರಲ್ಲಿ ಎಷ್ಟೋ ಮನೆತನಗಳ ಜಮೀನಿನ ಹಕ್ಕಿನ ತಕರಾರು ಅರವತ್ತು ವರ್ಷಗಳಾದರೂ ತೀರಿಲ್ಲ. ನಾಡಿಗೆ ಬೆಳಕು ಕೊಟ್ಟವರ ಮಕ್ಕಳು ಕಚೇರಿಗಳ ಮುಂದೆ ನಿಲ್ಲುವಂತಾಗಿರುವುದು ಅನ್ಯಾಯ. ಸಾಗರದಲ್ಲಿ ಬಾಳಿ 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರು ಈ ನೋವನ್ನೇ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಹೊರಡುವ ಹಿಂದಿನ ವಾರ ಮನೆಯವರೆಲ್ಲ ಕುಳಿತು ಆ ಚಿತ್ರ ನೋಡಿ. ಏಳನೇ ಕ್ಲಾಸಿನ ಮಗಳಿಗೆ ಅದು ಅರ್ಥವಾಗುತ್ತದೆ.

ಲಿಂಗನಮಕ್ಕಿ ಹಿನ್ನೀರಿನಾಚೆಯ ಊರುಗಳವರು ದಶಕಗಳ ಕಾಲ ಆಸ್ಪತ್ರೆಗೂ ಶಾಲೆಗೂ ಸಂತೆಗೂ ಲಾಂಚಿಗಾಗಿ ಕಾದವರು. ಅಲ್ಲಿಯ ಸಿಗಂದೂರು ದೇವಸ್ಥಾನಕ್ಕೆ ಹೋಗುವ ಭಕ್ತರಿಗೆ ಲಾಂಚು ಒಂದು ಮೋಜಾಗಿತ್ತು. ಅಲ್ಲಿಯವರಿಗೆ ಅದು ರಾತ್ರಿಯ ಹೆರಿಗೆನೋವಿನಲ್ಲಿ ಸಿಗದ ದಾರಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ಉದ್ಘಾಟನೆಯಾಯಿತು. ಆ ಸೇತುವೆಯ ಮೇಲೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರು ದಯವಿಟ್ಟು ನೆನಪಿಡಿ, ಹಿಂದೆ ಬರುತ್ತಿರುವುದು ಆಂಬುಲೆನ್ಸ್ ಆಗಿರಬಹುದು.

ಕಣಿವೆಯ ಮುಂದಿನ ದಿನಗಳ ಬಗ್ಗೆ ಈಗ ವಾದ ನಡೆಯುತ್ತಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆ ಪಂಪ್ ಮಾಡಿ ಮತ್ತೆ ಇಳಿಸುವ 2,000 ಮೆಗಾವಾಟ್ ಯೋಜನೆಯ ಪ್ರಸ್ತಾವವಿದೆ. ಸಿಂಗಳೀಕಗಳ ಅಭಯಾರಣ್ಯದ ಕಾಡು ಅದಕ್ಕೆ ಬಲಿಯಾಗುತ್ತದೆ ಎಂದು ಇಲ್ಲಿಯ ಜನ ವಿರೋಧಿಸುತ್ತಿದ್ದಾರೆ. ಒಂದು ಕಣಿವೆ ಈಗಾಗಲೇ ಇಷ್ಟು ಕೊಟ್ಟ ಮೇಲೆ ಇನ್ನೂ ಕೇಳುವ ಮುನ್ನ ನಾಡು ನೂರು ಸಲ ಯೋಚಿಸಬೇಕು. ಜೋಗ ನೋಡಿ ಹಿಂತಿರುಗುವ ಕುಟುಂಬಗಳಿಗೂ ಈ ಮಾತಿನಲ್ಲಿ ಪಾಲಿದೆ. ಇಲ್ಲಿಯ ವಿದ್ಯುತ್ತು ಉರಿಯುವುದು ನಾಡಿನ ಮನೆಗಳಲ್ಲೇ.

ಇನ್ನು ಪ್ರಯಾಣದ ಮಾತು. ಹಿಂದಿನ ರಾತ್ರಿ ಸಾಗರದಲ್ಲಿ ಉಳಿಯುವುದು ಒಳ್ಳೆಯದು. ರೈಲಿನಲ್ಲಿ ಬರುವವರಿಗೆ ತಾಳಗುಪ್ಪ ಹತ್ತಿರದ ನಿಲ್ದಾಣ. ಸಮಯ ಮಿಕ್ಕರೆ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ದೇವಸ್ಥಾನಗಳಿವೆ, ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಇದೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ಇವೆಲ್ಲ ಮಾರನೆಯ ದಿನಕ್ಕಿರಲಿ. ಹೊರಡುವ ಮುನ್ನ ಪ್ರವೇಶ ತೆರೆದಿದೆಯೇ ಎಂದು ವಿಚಾರಿಸಿ; 2025ರ ಆರಂಭದಲ್ಲಿ ಕಾಮಗಾರಿಗಾಗಿ ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು. ಹಿರಿಯರಿಗೆ ಒಂದು ಶಾಲು, ಮಕ್ಕಳಿಗೆ ಒಂದು ಜೊತೆ ಒಣಬಟ್ಟೆ, ಎಲ್ಲರಿಗೂ ಮನೆಯ ಬುತ್ತಿ ಇರಲಿ. ಶನಿವಾರ, ಭಾನುವಾರ ತಪ್ಪಿಸಲು ಸಾಧ್ಯವಾದರೆ ತಪ್ಪಿಸಿ.

ಸಾಗರದಿಂದ ಜೋಗಕ್ಕೆ ಸುಮಾರು 30 ಕಿ.ಮೀ. ಬೆಳಿಗ್ಗೆ ಬೇಗ ಹೊರಡಿ. ಬಂದಾಗ ಮಂಜು ಕವಿದಿದ್ದರೆ ಅಜ್ಜಿ ತಾತಂದಿರನ್ನು ಬೆಂಚಿನ ಮೇಲೆ ಒಳ್ಳೆಯ ಜಾಗ ನೋಡಿ ಕೂರಿಸಿ, ಮಕ್ಕಳನ್ನು ಕಂಬಿಯಿಂದ ಈಚೆಗೆ ಕರೆದುಕೊಳ್ಳಿ, ನೀವೂ ಕುಳಿತುಕೊಳ್ಳಿ.

ಇಂತಿ,
ಶರಾವತಿ ಕಣಿವೆಯ ಹಿತೈಷಿ